ಬಾವಿಯೊಳಗಿನ ಬೆಳ್ಳಿ

ನಮ್ಮ ಹನ್ನೂರು ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ. ಪುಣೆಯಲ್ಲಿ ಭೂವಿಜ್ಞಾನ ಓದುತ್ತಿದ್ದ ನಾನು ಬೇಸಿಗೆ ರಜೆಗೆ ಮನೆಗೆ ಬಂದಾಗ ಹೊಲದ ಬಾವಿಯ ಕೆಲಸ ನಿಂತಿತ್ತು. ಕರಿಗಲ್ಲು ಸಿಡಿಸಿದಾಗ ಅದರ ಪೊಟರೆಯಲ್ಲಿ ಹೊಳೆಯುವ ಬಿಳಿ ಹರಳು ಕಂಡಿದ್ದವು. ಬೆಳ್ಳಿಯ ಅದಿರೆಂದು ಯಾರೋ ಹೇಳಿದ್ದೇ ತಡ, ಕಾಕಾ ಬಾವಿ ಬಿಡಿಸಿ ಹೊಲದ ತುಂಬ ಗುಂಡಿ ತೋಡಿಸುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅವರದೇ ಮಾತು. ಅವ್ವ ಹಳ್ಳದಿಂದ ನೀರು ಹೊರುತ್ತಲೇ ಇದ್ದಳು.

"ಇಲ್ಲಿ ಬೆಳ್ಳಿ ಸಿಗೂದಿಲ್ಲರಿ ಕಾಕಾ. ಬಾವಿ ಮುಗಸ್ರಿ," ಎಂದೆ.

"ಹೆಣ್ಣಹುಡುಗಿ, ನಾಕ ಅಕ್ಷರ ಕಲ್ತು ನನಗ ಹೇಳಾಕ ಬಂದಿ?"

ಅವ್ವ ರೊಟ್ಟಿ ಬೇಯಿಸುತ್ತಿದ್ದಳು. ಹಂಚಿನ ಮೇಲೆ ಉಬ್ಬಿದ್ದ ರೊಟ್ಟಿಯನ್ನು ತೋರಿಸಿದೆ. "ಜ್ವಾಲಾಮುಖಿ ಹೊಟ್ಟ್ಯಾಗ ಕರಗಿದ ಕಲ್ಲ ಇರ್ತದರಿ. ಅದು ಒಮ್ಮೆಲೆ ಹೊರಗ ಬಿದ್ರ ಒಳಗ ಖಾಲಿ ಆಗಿ, ಮ್ಯಾಲಿನ ಗುಡ್ಡ ಹಿಂಗ ಕುಸೀತದ." ರೊಟ್ಟಿಯನ್ನು ಒತ್ತಿದೆ. ಅಂಚು ಬಿರಿದು ಹಬೆ ಬಂತು. "ಆ ದೊಡ್ಡ ಕುಣಿಗಿ ಕಾಲ್ಡೆರಾ ಅಂತಾರ. ಅದರ ಸುತ್ತಿನ ಬಿರುಕಿನ್ಯಾಗ ಬಿಸಿನೀರ ಹರೀತದ. ಕಲ್ಲಿನ್ಯಾಗ ಚೂರುಚೂರು ಇದ್ದ ಬೆಳ್ಳಿ, ತಾಮ್ರ ಕರಗಿಸ್ಕೊಂಡು ಬಂದು, ಆರಿದಾಗ ಒಂದ ಕಡೆ ಬಿಟ್ಟು ಹೋಗ್ತದ. ಭಾಳ ವರ್ಷ ಹಿಂಗ ನಡದ್ರ ಅದಿರು ಕೂಡ್ತದ. ನಮ್ಮ ಕಡಿ ಅಂಥ ಕುಣಿ ಇಲ್ಲ. ನೆಲ ಸೀಳಿ ಬಂದ ಲಾವಾ ಸುಮ್ಮ ಹಾಸಿಕೊಂಡದ. ಈ ಹರಳು ಅದರ ಪೊಟರ್ಯಾಗ ಬೆಳೆದ ಬರೇ ಕಲ್ಲು."

"ಕಲ್ತಿದ್ದು ಸಾಕು. ಈ ವರ್ಷ ಲಗ್ನಾ ಮಾಡ್ತೀವಿ."

ನಾನು ಒಂದು ಹರಳನ್ನು ಎತ್ತಿ ಅವರ ಮುಂದಿಟ್ಟೆ. "ಪತ್ತಾರನ ಕಡಿ ಹೋಗೂಣ ನಡೀರಿ. ಬೆಳ್ಳಿ ಬಂದ್ರ ನೀವು ಹೇಳಿದಂಗ ಕೇಳ್ತೀನಿ. ಬರದಿದ್ರ ಬಾವಿ ಮುಗಸಬೇಕು, ನಾ ಪುಣೆಗಿ ಹೋಗಾಕಿ."

ಅಕ್ಕಲಕೋಟೆಯಲ್ಲಿ ಬೆಳ್ಳಿ-ಬಂಗಾರದ ಕೆಲಸ ಮಾಡುವ ಪತ್ತಾರ ಹರಳನ್ನು ಕೆಂಡದ ಮೇಲಿಟ್ಟು ಊದುಗೊಳವೆಯಿಂದ ಉರಿ ಹಾಯಿಸಿದ. ಅದು ಉಬ್ಬಿ, ನೊರೆಯಂತಾಗಿ, ಬೆರಳು ತಾಗಿದರೆ ಉದುರುವ ಬಿಳಿ ಪುಡಿಯಾಯಿತು. "ಬೆಳ್ಳಿ ಇಲ್ಲರಿ ಮಾಲಕರ," ಎಂದ.

ಕಾಕಾ ಸೋಲು ಒಪ್ಪಲಿಲ್ಲ. ಇನ್ನೂ ಆಳಕ್ಕೆ ಹೋದರೆ ಸಿಗಬಹುದೆಂದು ಮನೆಗೆ ಬಂದು ಮತ್ತೆ ಗುಂಡಿ ತೋಡಿಸಲು ಶುರು ಮಾಡಿದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಕೊಡವನ್ನು ಬೋರಲು ಹಾಕಿದಳು. ಆಕೆ ಕಾಕಾನ ಎದುರು ತಲೆಯೆತ್ತಿ ಮಾತಾಡಿದ್ದನ್ನು ನಾನು ಅಂದೇ ನೋಡಿದ್ದು.

"ನಾಳಿಂದ ನಾ ಹಳ್ಳಕ್ಕ ಹೋಗೂದಿಲ್ಲ. ನಿಮ್ಮ ಬೆಳ್ಳಿ ಕುಡೀರಿ."

ಎರಡು ದಿನ ಮನೆಯಲ್ಲಿ ಸ್ನಾನವಿಲ್ಲ, ಅಡುಗೆಯಿಲ್ಲ. ಆಮೇಲೆ ಕೆಲಸದವರು ಬಾವಿಗಿಳಿದರು. ಮಳೆಗಾಲಕ್ಕೆ ಮೊದಲೇ ಸಿಹಿನೀರು ಬಿತ್ತು.

ರಜೆ ಮುಗಿದಾಗ ಹೋಟಗಿ ಸ್ಟೇಷನ್ನಿಗೆ ಅವ್ವನೇ ಬಂದು ಗಾಡಿ ಹತ್ತಿಸಿದಳು. ಕಾಕಾ ವರ್ಷಗಟ್ಟಲೆ ನನ್ನೊಡನೆ ಮಾತು ಬಿಟ್ಟರು. ನಾನೂ ಅವರ ಮುಂದೆ ಬಗ್ಗಲಿಲ್ಲ.