ಮೈದಾನಕ್ಕೆ ಬೆನ್ನು ಹಾಕಿ ಕೂತವರು

ಶನಿವಾರ, ಬೆಳಿಗ್ಗೆ ಆರೂವರೆ. ಮನೆಯಲ್ಲಿ ನಾನು, ನನ್ನ ಹೆಂಡತಿ, ಇಬ್ಬರೇ. ಅವಳ ಮಂಡಿಗೆ ನೀಲಗಿರಿ ಎಣ್ಣೆ ಹಚ್ಚುವುದು ನನ್ನ ದಿನದ ಮೊದಲ ಕೆಲಸ. ಹಳೆಯ ಸೀಸೆ ಹಿಂದಿನ ದಿನ ಮುಗಿದಿತ್ತು. ಹೊಸದರ ಮುಚ್ಚಳ ತಿರುಗಿಸಿದ ಕೂಡಲೇ ವಾಸನೆ ಮೂಗಿಗೆ ಹೊಡೆಯಿತು. ಎಣ್ಣೆ ಅಂಗೈಯಲ್ಲಿ ಹಾಗೇ ನಿಂತಿತು...

"ಏನಾಯ್ತು?" ಎಂದಳು ಹೆಂಡತಿ.

"ಬಾಯಮ್ಮ," ಎಂದೆ.

ಬಾಯಮ್ಮ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂದು ಆಗಲೇ ವಾರವಾಗಿತ್ತು. ಸುದ್ದಿ ಕೇಳಿದ ದಿನ ನಾನು ಎಂದಿನಂತೆ ಊಟ ಮಾಡಿದ್ದೆ, ಎಂದಿನ ಹೊತ್ತಿಗೆ ಮಲಗಿದ್ದೆ. ಆ ದಿನ ಬಾರದ ದುಃಖ ಈ ವಾಸನೆಗೆ ಬಂತು.

ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಳೆಯ ಕಟ್ಟಡವೊಂದರಲ್ಲಿ ಅವರದು ನಮ್ಮ ಎದುರು ಬಾಗಿಲು. ಎರಡು ಸಾವಿರದ ಇಸವಿ ದಾಟಿದ ಮೊದಲ ಕೆಲವು ವರ್ಷಗಳ ಮಾತು. ನಾನು ಏರ್‌ಫೋರ್ಸಿನ ವೈದ್ಯಕೀಯ ವಿಭಾಗದಿಂದ ನಿವೃತ್ತನಾಗಿ ಅಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ಡ್ರೆಸ್ಸಿಂಗ್ ರೂಮ್ ನೋಡಿಕೊಳ್ಳುತ್ತಿದ್ದೆ. ಅವರು ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು. ಕರಾವಳಿಯಲ್ಲಿ ಅವರ ಹೆಂಗಸರನ್ನು ಬಾಯಮ್ಮ ಎನ್ನುತ್ತಾರಂತೆ. ಹಾಸನದವನಾದ ನಾನು ಕೇಳಿ ಕಲಿತೆ. ಗಂಡನಿಗೆ ಸಮುದ್ರದ ಮಧ್ಯದ ಎಣ್ಣೆ ಬಾವಿಯಲ್ಲಿ ಕೆಲಸ, ಮನೆಗೆ ಬರುವುದು ಅಪರೂಪ. ಬಾಯಮ್ಮ ಒಂದು ಹೋಟೆಲಿನಲ್ಲಿ ಹಾಸಿಗೆ ಬಟ್ಟೆಗಳ ಉಸ್ತುವಾರಿ ನೋಡುತ್ತಿದ್ದರು. ನನ್ನನ್ನು "ಮಿಲಿಟ್ರಿ ಅಣ್ಣ" ಎಂದು ಕರೆಯುತ್ತಿದ್ದರು. ಏರ್‌ಫೋರ್ಸ್ ಎಂದು ನಾನು ತಿದ್ದಿದರೆ, "ಎಲ್ಲ ಒಂದೇ ಅಲ್ವಾ, ಬೆಳಿಗ್ಗೆ ಬೇಗ ಏಳುದು," ಎನ್ನುತ್ತಿದ್ದರು.

ಒಬ್ಬನೇ ಮಗ. ಅಲ್ಲೇ ಹುಟ್ಟಿ ಬೆಳೆದವನು, ಬಾಗಿಲಿನ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ. ತಾಯಿ ಕೊಂಕಣಿಯಲ್ಲಿ ಕೇಳಬೇಕು, ಅವನು ಇಂಗ್ಲಿಷಿನಲ್ಲಿ ಉತ್ತರಿಸಬೇಕು, ಇದು ಆ ಮನೆಯ ಕಟ್ಟುಪಾಡು. "ಜೆವ್ಲೊಯ್‌ಗೀ?" ಎಂದು ಇವರು ಅಡುಗೆಮನೆಯಿಂದ ಕೂಗಿದರೆ "ಯೆಸ್ ಮಾಮ್, ಐ ಏಟ್" ಎಂದು ಅವನು ಒಳಕೋಣೆಯಿಂದ. "ಶಾಲೆಗೆ ಹಾಕುವ ಮುಂಚೆ ಎಷ್ಟು ಚಂದ ಕೊಂಕಣಿ ಮಾತಾಡ್ತಿದ್ದ ಗೊತ್ತುಂಟಾ?" ಎಂದು ಬಾಯಮ್ಮ ನನ್ನ ಹೆಂಡತಿಯ ಹತ್ತಿರ ಹೇಳಿಕೊಳ್ಳುತ್ತಿದ್ದರು. "ಒಂದು ಶಬ್ದ ಬರ್ಲಿ ಅವನ ಬಾಯಿಂದ, ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚುತ್ತೇನೆ."

ಹುಡುಗನ ಶಾಲೆಯಲ್ಲಿ ಆಸ್ಟ್ರೇಲಿಯಾದ ಡ್ರಿಲ್ ಮಾಸ್ತರರೊಬ್ಬರಿದ್ದರು. ಅವರು ತಮ್ಮ ದೇಶದ ಫುಟ್‌ಬಾಲ್ ಕಲಿಸಿದ್ದರು. ಶಾಲೆ ಮುಗಿದು ಕಾಲೇಜಿಗೆ ಹೋದ ಮೇಲೂ ಹುಡುಗ ಅವರ ತಂಡದಲ್ಲೇ ಆಡುತ್ತಿದ್ದ, ಅವರೇ ಕೋಚ್. ಅದು ನಾವು ಕಂಡ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡು, ಒದೆಯಬಹುದು, ಮುಷ್ಟಿಯಿಂದ ಗುದ್ದಬಹುದು, ಗಾಳಿಗೆ ಹಾರಿ ಹಿಡಿಯಬಹುದು. ಹಿಡಿಯಲು ಹಾರಿದವನ ಬೆನ್ನ ಮೇಲೆ ಇನ್ನೊಬ್ಬ ಹಾರುತ್ತಾನೆ, ಅದಕ್ಕೆ ಯಾರೂ ಸೀಟಿ ಊದುವುದಿಲ್ಲ. ತಲೆಗೆ ಏನೂ ಹಾಕಿಕೊಳ್ಳುವುದಿಲ್ಲ. ಶುಕ್ರವಾರ ರಜೆ, ಅಂದು ಪಂದ್ಯ. ಕೋಚ್ ಕೇಳಿಕೊಂಡದ್ದರಿಂದ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹಿಡಿದು ನಾನು ಹೋಗುತ್ತಿದ್ದೆ. ಆಟಗಾರರೆಲ್ಲ ಕಾಲಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಇಡೀ ಮೈದಾನ ಅದೇ ವಾಸನೆ.

ಇದು ಬರೀ ಆಟವಾಗಿದ್ದರೆ ಬಾಯಮ್ಮ ಎಂದೋ ನಿಲ್ಲಿಸಿಬಿಡುತ್ತಿದ್ದರು. ಆದರೆ ಅಲ್ಲಿ ಓದು ಮುಗಿದ ಗಂಡುಮಗ ಅಪ್ಪನ ವೀಸಾದಲ್ಲಿ ಇರುವ ಹಾಗಿಲ್ಲ. ಕಾಲೇಜು ಅದೇ ವರ್ಷ ಮುಗಿಯುವುದಿತ್ತು. ಕೆಲಸ ಸಿಗದಿದ್ದರೆ, ರಜೆಯಲ್ಲಿ ಮಾತ್ರ ಕಂಡಿದ್ದ ಊರಿಗೆ ಅವನೊಬ್ಬನೇ ಹೋಗಬೇಕು. ಅಷ್ಟರಲ್ಲಿ ಕೋಚ್ ಒಂದು ದಾರಿ ತೋರಿಸಿದರು. ದುಬೈಯ ಪಂದ್ಯಾವಳಿಗೆ ಆಸ್ಟ್ರೇಲಿಯಾದ ಒಂದು ಕಾಲೇಜಿನಿಂದ ಒಬ್ಬರು ಬರುತ್ತಾರೆ, ಹುಡುಗ ಅವರ ಕಣ್ಣಿಗೆ ಬಿದ್ದರೆ ಅಲ್ಲಿ ಆಡುತ್ತಾ ಓದಬಹುದು ಎಂದು. ಚೆನ್ನಾಗಿ ಆಡದಿದ್ದರೆ ಒಂದು ಹೆದರಿಕೆ, ಚೆನ್ನಾಗಿ ಆಡಿದರೆ ಇನ್ನೊಂದು. ಬಾಯಮ್ಮ ಎರಡನ್ನೂ ಹೊತ್ತುಕೊಂಡು ಕೆಲಸಕ್ಕೆ ಹೋಗಿ ಬರುತ್ತಿದ್ದರು.

ನಮ್ಮ ಕಟ್ಟಡದ ಕೆಳಗಿನ ಕೆಫೆಟೇರಿಯಾದಲ್ಲಿ ಸಂಜೆ ಚಹಾ ಹೊತ್ತಿಗೆ ಈ ಹುಡುಗನದೇ ಚರ್ಚೆ. ಮುಖ್ಯ ವಾದಿಗಳು ಇಬ್ಬರು. ಒಬ್ಬರು ಮೂರನೇ ಮಹಡಿಯ ಕಂಪ್ಯೂಟರ್ ಇಂಜಿನಿಯರ್, ಮೈಸೂರಿನವರು. ಇನ್ನೊಬ್ಬರು ಬಿಡಿಭಾಗದ ಅಂಗಡಿಯ ಸ್ಟೋರ್‌ಕೀಪರ್, ಕಾಪುವಿನವರು. ಇಬ್ಬರೂ ಆ ಆಟವನ್ನು ಎಂದೂ ಆಡಿದವರಲ್ಲ.

"ಅವನನ್ನ ಮುಂದೆ ನಿಲ್ಲಿಸ್ಬೇಕು ಸಾರ್," ಎನ್ನುತ್ತಿದ್ದರು ಮೈಸೂರಿನವರು. "ಆ ಎತ್ತರ ನೋಡಿ, ಆ ಕೈ ನೋಡಿ! ಗೋಲ್ ಕಂಬದ ಎದುರು ನಿಂತ್ರೆ ಚೆಂಡು ತಾನಾಗೇ ಬಂದು ಕೂರುತ್ತೆ."

"ಎಂತ ಮಾರಾಯ್ರೆ! ಕೂತ ಮೇಲೆ ಒದೀಲಿಕ್ಕೆ ಬೇಡ್ವಾ? ಮೊನ್ನೆ ಅವ ಒದ್ದದ್ದು ಸೀದಾ ನನ್ನ ಪಿಕಪ್ಪಿನ ಗಾಜಿಗೆ. ಅವನ ಜಾಗ ಹಿಂದೆ. ಎದುರಿನವ್ರ ಚೆಂಡನ್ನು ಹಾರಿ ಕಿತ್ಕೊಳ್ಳುದು."

"ಹಿಂದೆ ನಿಂತವನನ್ನ ಯಾರ್ರೀ ನೋಡ್ತಾರೆ? ಬರೋ ದೊರೆ ಗೋಲ್ ಹೊಡೆದವನನ್ನ ತಾನೇ ನೋಡೋದು?"

"ನಿಮ್ಗೆ ಸ್ಕ್ರೀನಿನಲ್ಲಿ ಬಂದದ್ದು ಮಾತ್ರ ಕಾಣುದು. ಆಟ ಕಂಡವನಿಗೆ ಹಿಂದಿನವನೂ ಕಾಣ್ತಾನೆ."

ಮೈ ತುಂಬಿಲ್ಲ ಎಂದು ಒಬ್ಬರು, ಇನ್ನೆರಡು ವರ್ಷದಲ್ಲಿ ತುಂಬುತ್ತದೆ ಎಂದು ಇನ್ನೊಬ್ಬರು. ಕೋಚಿಗೂ ತೀರ್ಮಾನವಾಗಿರಲಿಲ್ಲ, ಒಂದು ವಾರ ಮುಂದೆ ಆಡಿಸಿದರೆ ಮರುವಾರ ಹಿಂದೆ. ಹುಡುಗನ ಕಾಲು, ಭುಜ, ಎದೆಯಗಲ, ಎಲ್ಲದರ ಮಾತೂ ಚಹಾದ ಜೊತೆ ಆಗುತ್ತಿತ್ತು. ಒಂದು ಸಂಜೆ ಬಾಯಮ್ಮ ತರಕಾರಿ ಚೀಲ ಹಿಡಿದು ಅಲ್ಲೇ ಹಾದು ಹೋಗುತ್ತಿದ್ದವರು ನಿಂತರು.

"ಯಾವ ಜಾಗದಲ್ಲಿ ಪೆಟ್ಟು ಕಡಿಮೆ?" ಎಂದು ಕೇಳಿದರು.

ಅಷ್ಟು ದಿನದ ಚರ್ಚೆಯಲ್ಲಿ ಈ ಪ್ರಶ್ನೆ ಬಂದೇ ಇರಲಿಲ್ಲ. ಮೈಸೂರಿನವರು ಲೋಟ ನೋಡಿದರು. ಕಾಪುವಿನವರಿಗೆ ತಮ್ಮ ಪಕ್ಷ ಗೆಲ್ಲಬೇಕಿತ್ತು. "ಹಿಂದೆ ಬಾಯಮ್ಮ, ಹಿಂದೆ ಆರಾಮ. ಕ್ರಿಕೆಟಿನಲ್ಲಿ ಬೌಂಡ್ರಿಯಲ್ಲಿ ನಿಂತ ಹಾಗೆ," ಎಂದುಬಿಟ್ಟರು.

ಮೆಟ್ಟಿಲು ಹತ್ತುವಾಗ ನಾನು ಬಿಡಿಸಿ ಹೇಳಿದೆ. "ಅದು ಹಾಗಲ್ಲ ಬಾಯಮ್ಮ. ಹಿಂದೆ ಆಡೋನು ಚೆಂಡು ನೋಡ್ಕೊಂಡು ಹಿಮ್ಮುಖವಾಗಿ ಓಡ್ತಾನೆ. ಯಾರು ಬಂದು ಗುದ್ದುತ್ತಾರೆ ಅಂತ ಅವನಿಗೆ ಕಾಣೋದೇ ಇಲ್ಲ."

"ನೀವು ಮೈಸೂರಿನವ್ರ ಪಾರ್ಟಿ," ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ.

ಆ ಕ್ರಿಸ್ಮಸ್ಸಿಗೆ ಕೋಚಿನ ಮನೆಗೆ ಒಂದು ಡಬ್ಬಿ ತುಂಬ ನೆವ್ರಿ, ಕಲ್‌ಕಲ್ ಸಿಹಿತಿಂಡಿ ಹೋಯಿತು. ಜೊತೆಗೆ ಬಾಯಮ್ಮ ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ, "ಮೈ ಸನ್, ಬ್ಯಾಕ್ ಸೈಡ್ ಪ್ಲೀಸ್," ಎಂದು ಕೇಳಿಕೊಂಡರಂತೆ. ಕೋಚ್ ಮೊದಲೇ ಅತ್ತ ವಾಲಿದ್ದರೋ, ಡಬ್ಬಿಗೆ ವಾಲಿದರೋ, ನನಗೆ ಗೊತ್ತಿಲ್ಲ. ಜನವರಿಯಿಂದ ಹುಡುಗ ಹಿಂದೆಯೇ ಆಡಿದ. ಚೆನ್ನಾಗಿಯೇ ಆಡಿದ. ಕಾಪುವಿನವರು ಒಂದು ವಾರ ಎಲ್ಲರಿಗೂ ಚಹಾ ಕುಡಿಸಿದರು.

ಬಾಯಮ್ಮ ಪಂದ್ಯ ನೋಡುತ್ತಿರಲಿಲ್ಲ. ಆದರೆ ಒಂದು ಪಂದ್ಯವನ್ನೂ ತಪ್ಪಿಸುತ್ತಿರಲಿಲ್ಲ. ನನ್ನ ಪಕ್ಕದಲ್ಲೇ ಮಡಚುವ ಕುರ್ಚಿ ಹಾಕಿಕೊಂಡು, ಮೈದಾನಕ್ಕೆ ಬೆನ್ನು ಮಾಡಿ, ಪಾರ್ಕಿಂಗಿನ ಕಡೆ ಮುಖ ಮಾಡಿ ಕೂತಿರುತ್ತಿದ್ದರು. ಕೈಯಲ್ಲಿ ಜಪಸರ. ಮೈಗೆ ಮೈ ಬಡಿದ ಸದ್ದು ಕೇಳಿದರೆ ಬೆರಳು ನಿಲ್ಲುತ್ತಿತ್ತು.

"ಎದ್ದನಾ?"

"ಎದ್ದ ಬಾಯಮ್ಮ."

ಬೆರಳು ಮತ್ತೆ ಸರಿಯುತ್ತಿತ್ತು. ಬಿದ್ದವನು ಅವರ ಮಗನಲ್ಲದಿದ್ದರೂ ಕೇಳುತ್ತಿದ್ದರು, ನಾನೂ ಉತ್ತರಿಸುತ್ತಿದ್ದೆ. ಇಡೀ ಮಧ್ಯಾಹ್ನ ನಮ್ಮಿಬ್ಬರ ಮಾತು ಅಷ್ಟೇ.

ದುಬೈಯ ಪಂದ್ಯಾವಳಿಯ ದಿನ ನಾವೆಲ್ಲ ಒಂದೇ ವ್ಯಾನಿನಲ್ಲಿ ಹೋದೆವು. ಆಸ್ಟ್ರೇಲಿಯಾದ ಕಾಲೇಜಿನಿಂದ ಬಂದ ಬಿಳಿ ಟೋಪಿಯ ಅತಿಥಿ ಅಂಚಿನಲ್ಲಿ ಕೂತಿದ್ದರು. ಮೊದಲರ್ಧದಲ್ಲಿ ಹುಡುಗ ಹಾರಿ ಹಾರಿ ಚೆಂಡು ಕಿತ್ತ. ಅತಿಥಿ ಕೋಚಿನ ಕಿವಿಯಲ್ಲಿ ಏನೋ ಹೇಳಿದರು. "ನೋಡಿದ್ರಾ? ಹಿಂದಿನವನು ಕಂಡ!" ಎಂದು ಕಾಪುವಿನವರು ಮೈಸೂರಿನವರ ಬೆನ್ನಿಗೆ ಗುದ್ದಿದರು.

ಆಟದ ಕೊನೆಯ ಭಾಗದಲ್ಲಿ ಒಂದು ಚೆಂಡು ಬಹಳ ಮೇಲೆ ಹೋಯಿತು. ಹುಡುಗ ಅದನ್ನೇ ನೋಡುತ್ತಾ ಹಿಂದಕ್ಕೆ ಓಡಿದ. ಎದುರಿನಿಂದ ಬಂದವನ ಮಂಡಿ ಅವನ ಕಿವಿಯ ಮೇಲ್ಭಾಗಕ್ಕೆ ತಾಗಿತು. ಆ ಸದ್ದು... ಒಣ ತೆಂಗಿನಕಾಯಿ ನೆಲಕ್ಕೆ ಬಿದ್ದ ಹಾಗೆ. ನಾನು ಪೆಟ್ಟಿಗೆ ಹಿಡಿದು ಓಡಿದ್ದೆ. ಬೆನ್ನ ಹಿಂದೆ "ಎದ್ದನಾ?" ಎಂದದ್ದು ಕೇಳಿಸಿತು. ಉತ್ತರಿಸಲು ಆ ಕುರ್ಚಿಯ ಪಕ್ಕದಲ್ಲಿ ಯಾರೂ ಇರಲಿಲ್ಲ.

ನಾನು ತಲುಪುವಷ್ಟರಲ್ಲಿ ಹುಡುಗ ಎದ್ದು ಕೂತಿದ್ದ. ಕಣ್ಣು ನೋಡಿದೆ, ಪಾಪೆ ಎರಡೂ ಸಮ ಇದ್ದವು. ಕೋಚ್ ಬೆರಳು ತೋರಿಸಿದರು, ಸರಿಯಾಗಿ ಎಣಿಸಿದ. ಎದುರಾಳಿ ತಂಡ ಯಾವುದು, ಸ್ಕೋರ್ ಎಷ್ಟು, ಎಲ್ಲವನ್ನೂ ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದ. ಉಳಿದದ್ದು ಸ್ವಲ್ಪವೇ ಹೊತ್ತು, ಇವನನ್ನು ಮುಂದೆ ನಿಲ್ಲಿಸೋಣ, ಅತಿಥಿ ಅದನ್ನೂ ನೋಡಲಿ ಎಂದು ಕೋಚ್ ಅಂದರು. ಮೈಸೂರಿನವರು ಅಂಚಿನಿಂದ "ಅದನ್ನೇ ನಾನು ಮೊದಲಿಂದ..." ಎಂದು ಕೂಗಿದರು.

ಅಷ್ಟರಲ್ಲಿ ಬಾಯಮ್ಮ ಬಂದಿದ್ದರು. ಮೊದಲ ಸಲ ಮೈದಾನದ ಕಡೆ ತಿರುಗಿದವರು, ನೇರ ಒಳಗೇ ನಡೆದು ಬಂದಿದ್ದರು. ಮಗನೆದುರು ಕುಕ್ಕರುಗಾಲಿನಲ್ಲಿ ಕೂತು ಕೊಂಕಣಿಯಲ್ಲಿ ಏನೋ ಕೇಳಿದರು. ಅವನು ಅವರ ಮುಖ ನೋಡಿದ.

"ಮಾಂಯ್, ಮ್ಹಾಕಾ ಘರಾ ವ್ಹರ್," ಎಂದ. ಅಮ್ಮಾ, ನನ್ನನ್ನು ಮನೆಗೆ ಕರ್ಕೊಂಡು ಹೋಗು.

ಬಾಯಮ್ಮನ ಮುಖದ ರಕ್ತ ಇಳಿದುಹೋದದ್ದನ್ನು ನಾನು ಕಂಡೆ. ಎಷ್ಟೋ ವರ್ಷದಿಂದ ಕಾಯುತ್ತಿದ್ದ ಮಾತು ಅದು. ಅವರು ನನ್ನ ತೋಳು ಹಿಡಿದರು. ಉಗುರು ನಾಟಿತು.

"ಮಿಲಿಟ್ರಿ ಅಣ್ಣ, ಖಲಾಸ್, ಆಟ ಸಾಕು. ಆಂಬುಲೆನ್ಸ್ ಕರೀರಿ. ಇವ ಸರಿ ಇಲ್ಲ."

"ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಟ್ಟನಲ್ಲ!" ಎಂದರು ಕೋಚ್ ಇಂಗ್ಲಿಷಿನಲ್ಲಿ.

"ಹಿ ಟಾಕಿಂಗ್ ಕೊಂಕಣಿ," ಎಂದರು ಬಾಯಮ್ಮ. "ಟು ಮಿ. ಕೊಂಕಣಿ."

ಕೋಚಿಗೆ ಅದರಲ್ಲಿ ಹೆದರುವಂಥದ್ದೇನೆಂದು ತಿಳಿಯಲಿಲ್ಲ. ನನಗೆ ತಿಳಿಯಿತು. ಆಂಬುಲೆನ್ಸ್ ಕರೆದೆ. ದಾರಿಯಲ್ಲೇ ಹುಡುಗ ವಾಂತಿ ಮಾಡಿದ, ತೂಕಡಿಸತೊಡಗಿದ. ತಲೆಬುರುಡೆಯ ಒಳಗೆ ರಕ್ತ ಸೋರಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರು ಶುರುಮಾಡಿದ ಮಾತನ್ನು ಮುಗಿಸಲಿಲ್ಲ.

ಹುಡುಗ ಉಳಿದ. ಆಸ್ಟ್ರೇಲಿಯಾ ಅಲ್ಲಿಗೇ ಮುಗಿಯಿತು. ಅತಿಥಿ ಹೂಗುಚ್ಛ ಕಳಿಸಿದ್ದರು. ಕಾಪುವಿನವರು ಆಸ್ಪತ್ರೆಯ ಬಾಗಿಲವರೆಗೆ ಬಂದು ಒಳಗೆ ಬಾರದೆ ಹೋದರು. ಆಮೇಲೆ ಕೆಫೆಟೇರಿಯಾದಲ್ಲಿ ಅವರು ಆಟದ ಸುದ್ದಿ ಎತ್ತಿದ್ದನ್ನು ನಾನು ಕೇಳಲಿಲ್ಲ.

ಮನೆಗೆ ಬಂದ ಮೇಲೆ ಇನ್ನೊಂದು ಶುರುವಾಯಿತು. ಹಾಸಿಗೆಯಲ್ಲಿ ಮಲಗಿದ್ದ ಹುಡುಗ ತಾಯಿಯ ಜೊತೆ ಕೊಂಕಣಿ ಮಾತಾಡಲು ನೋಡುತ್ತಿದ್ದ. ಅಮ್ಮನಿಗೆ ಇಷ್ಟ ಎಂದು ಬೇಕೆಂದೇ ಕಲಿಯುತ್ತಿದ್ದೇನೆ ಅಂಕಲ್ ಎಂದು ನನಗೆ ಹೇಳಿದ. ಬಾಯಮ್ಮನಿಗೆ ಅದು ಗೊತ್ತಿತ್ತು. ಆದರೂ ಅವನ ಬಾಯಿಂದ ಒಂದು ಕೊಂಕಣಿ ಶಬ್ದ ಬಿದ್ದರೆ ನಮ್ಮ ಬಾಗಿಲು ಬಡಿಯುತ್ತಿದ್ದರು.

"ಈಗ 'ಉದಾಕ್' ಅಂತ ಕೇಳಿದ, ನೀರಿಗೆ. ಬಂದು ಕಣ್ಣು ನೋಡಿ."

ಟಾರ್ಚ್ ಹಿಡಿದು ಹೋಗಿ ನೋಡುತ್ತಿದ್ದೆ. "ಸರಿ ಇದ್ದಾನೆ ಬಾಯಮ್ಮ." ಅವರು ಗೋಡೆಗೆ ಒರಗಿ, "ಸನ್, ಸೇ ಇನ್ ಇಂಗ್ಲಿಷ್. ಪ್ಲೀಸ್," ಎನ್ನುತ್ತಿದ್ದರು. ಅವನು ಇಂಗ್ಲಿಷಿನಲ್ಲಿ ನೀರು ಕೇಳಿದ ಮೇಲೆಯೇ ಲೋಟ ತುಂಬುತ್ತಿದ್ದರು.

ವೀಸಾ ಮುಗಿಯುವ ಮೊದಲೇ ತಾಯಿ ಮಗ ಊರಿಗೆ ಹೊರಟರು. ಲಿಫ್ಟಿನ ಬಾಗಿಲು ಮುಚ್ಚುವಾಗ ಬಾಯಮ್ಮ ನಮ್ಮ ಕಡೆ ನೋಡಲಿಲ್ಲ, ಮಗನ ಕಿವಿಯ ಮೇಲಿನ ಹೊಲಿಗೆ ಗುರುತನ್ನು ನೋಡುತ್ತಿದ್ದರು... ಮತ್ತೆ ಅವರನ್ನು ಕಾಣಲಿಲ್ಲ.

ಹೋದ ವಾರ ಫೋನ್ ಮಾಡಿದವನು ಆ ಮಗನೇ. ಈಗ ಮಂಗಳೂರಿನಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಕನ್ನಡ ಚೆನ್ನಾಗಿ ಬರುತ್ತದೆ.

"ಅಂಗಡಿಯಲ್ಲಿ, ಇಗರ್ಜಿಯಲ್ಲಿ, ಹೆಂಡತಿ ಮಕ್ಕಳ ಹತ್ರ ಎಲ್ಲ ಕೊಂಕಣಿಯೇ ಅಂಕಲ್," ಎಂದ. "ಮಮ್ಮಿ ಹತ್ರ ಮಾತ್ರ ಇಂಗ್ಲಿಷ್. ಕೊನೇ ದಿನದ ತನಕ. ಇಲ್ಲದಿದ್ರೆ ನನ್ನ ಕಣ್ಣಿಗೆ ಟಾರ್ಚ್ ಹಿಡೀತಿದ್ರು."

ಅವನೇ ಮುಂದುವರಿಸಿದ.

"ಶವಪೆಟ್ಟಿಗೆ ಮುಚ್ಚುವಾಗ ಕೊಂಕಣಿಯಲ್ಲಿ ಹೇಳಿದೆ. 'ಮಾಂಯ್, ಭಿಯೆನಾಕಾ' ಅಂತ. ಹೆದರಬೇಡ ಅಂತ." ಮತ್ತೆ ಅಂದ, "ಹೇಳಿದ ಮೇಲೂ ಒಂದು ಸಲ, ಹೆದರಿದ್ರಾ ಅಂತ, ಅವರ ಮುಖ ನೋಡಿದೆ ಅಂಕಲ್."

ಇದೆಲ್ಲ ನೆನೆಯುವಷ್ಟರಲ್ಲಿ ಅಂಗೈಯ ಎಣ್ಣೆ ಬೆರಳ ಸಂದಿಯಿಂದ ನೆಲಕ್ಕೆ ಇಳಿದಿತ್ತು. ಬೇರೆ ಎಣ್ಣೆ ಸುರಿದುಕೊಂಡು ಹೆಂಡತಿಯ ಎರಡೂ ಮಂಡಿಗೆ ಹಚ್ಚಿದೆ. ಅವಳು ಗೋಡೆ ಹಿಡಿದು ಎದ್ದಳು. ನೆಲ ಒರೆಸಿ, ಸೀಸೆಯ ಮುಚ್ಚಳ ಬಿಗಿ ಮಾಡಿ ಕಪಾಟಿನಲ್ಲಿಟ್ಟೆ. ಆ ದಿನ ಮತ್ತೇನೂ ಕೆಲಸ ಹಿಡಿಯಲಿಲ್ಲ.