ಬ್ಯಾಲೆ ಪುಸ್ತಕ ಮತ್ತು ಶಾಂತಾಳ ಎಡಗಾಲಿನ ಚಪ್ಪಲಿ

೧೯೫೭ರಲ್ಲಿ ನಾನು ಗಜೇಂದ್ರಗಡದ ಹೆಣ್ಣುಮಕ್ಕಳ ಪ್ರಾಥಮಿಕ ಶಾಲೆಯೊಂದರಲ್ಲಿ ಸಹಶಿಕ್ಷಕಿಯಾಗಿದ್ದೆ. ನನ್ನ ಊರು ನರಗುಂದ. ಟ್ರೇನಿಂಗ್ ಮುಗಿಸಿ ನೌಕರಿಗೆ ಸೇರಿ ಎರಡನೆಯ ವರ್ಷ. ಒಂದನೆಯ ಮತ್ತು ಎರಡನೆಯ ಇಯತ್ತೆಗಳೆರಡೂ ನನ್ನ ಪಾಲಿಗಿದ್ದವು. ಹಾಜರಿಪಟದಲ್ಲಿ ನಲವತ್ತೊಂದು ಹುಡುಗಿಯರು.

ಮಳೆಗಾಲ ಹಿಡಿದ ಹೊಸತರಲ್ಲಿ ರೋಣದ ಶಿಕ್ಷಣ ಕಚೇರಿಯಿಂದ ಒಂದು ಕಾಗದ ಬಂತು. ವಿದೇಶದ ಯಾರೋ ದಾನಿಗಳು ಕೊಟ್ಟ ‘ಬ್ಯಾಲೆ ಕಥಾಪುಸ್ತಕ’ಗಳ ಪೆಟ್ಟಿಗೆಯನ್ನು ನಾಳಿನ ಬಸ್ಸಿಗೆ ಕಳಿಸುತ್ತೇವೆ, ಚಿಕ್ಕ ಮಕ್ಕಳಿಗೆ ಉಪಯೋಗಿಸಿರಿ ಎಂದಿತ್ತು. ನಮ್ಮ ಹೆಡ್‌ಮಾಸ್ತರ್ ಪಾಟೀಲರಿಗೆ ನಿವೃತ್ತಿ ಹತ್ತಿರ ಬಂದಿತ್ತು, ಕಣ್ಣು ಮಂದವಾಗಿತ್ತು. ಅವರು ಮೊದಲ ಸಾಲನ್ನಷ್ಟೇ ಓದಿ ಕಾಗದ ಮಡಿಚಿದರು.

“ಸರಕಾರದವ್ರು ಹುಡುಗ್ಯಾರಿಗೆ ಬ್ಯಾಳಿ ಕಳಿಸ್ಯಾರ್ರಿ ಅಕ್ಕೋರ. ಹ್ವಾದ ವರ್ಷ ಹಾಲಿನ ಪುಡಿ ಆತು, ಈ ವರ್ಷ ಬ್ಯಾಳಿ.”

ಬೇಳೆ ಬರುವ ಮಾತು ಸಂಜೆಯೊಳಗೆ ಊರೆಲ್ಲ ಹಬ್ಬಿತು. ಮರುದಿನ ಬಸ್ಸು ಬರುವ ಹೊತ್ತಿಗೆ ಹದಿನೈದಿಪ್ಪತ್ತು ತಾಯಂದಿರು ಕೈಚೀಲ ಹಿಡಿದು ಶಾಲೆಯ ಕಟ್ಟೆಯ ಮೇಲೆ ಕೂತಿದ್ದರು. ಪೆಟ್ಟಿಗೆ ಒಡೆದರೆ ಒಳಗೆ ಆರು ಇಂಗ್ಲಿಷ್ ಪುಸ್ತಕ. ಮೇಲಿನದರ ಮುಖಪುಟದಲ್ಲಿ ಮೊಣಕಾಲಿನ ಮೇಲಿನ ಲಂಗ ತೊಟ್ಟ ಬಿಳಿಯ ಹುಡುಗಿಯೊಬ್ಬಳು ಒಂದೇ ಕಾಲಿನ ತುದಿಬೆರಳಿನ ಮೇಲೆ ನಿಂತಿದ್ದಳು. ಮುಂದಿದ್ದ ತಾಯಿ ಬಹಳ ಹೊತ್ತು ಆ ಚಿತ್ರ ನೋಡಿ ಕೇಳಿದಳು:

“ಈ ಕೂಸಿಗೆ ಮುಳ್ಳು ಚುಚ್ಚೇತೇನ್ರಿ ಅಕ್ಕೋರ?”

ಬ್ಯಾಲೆ ಎಂದರೆ ಯುರೋಪಿನ ಒಂದು ನೃತ್ಯ. ವಿಶೇಷ ಬೂಟು ಹಾಕಿ ಬೆರಳತುದಿಯ ಮೇಲೆ ನಿಂತು, ಮಾತಿಲ್ಲದೆ ಕುಣಿತದಲ್ಲೇ ಕಥೆ ಹೇಳುತ್ತಾರೆ. ನಾನೂ ಅದನ್ನು ತಿಳಿದದ್ದು ಆ ಪುಸ್ತಕಗಳ ಮುನ್ನುಡಿಯಿಂದಲೇ. ಪ್ರತಿಯೊಂದು ಪುಸ್ತಕದಲ್ಲಿ ನೃತ್ಯ ಕಲಿಯುವ ಪುಟ್ಟ ಹುಡುಗಿಯರ ಒಂದು ಕಥೆ, ಕೊನೆಯ ಪುಟದಲ್ಲಿ ಒಂದು ನೀತಿ. ವಾರಕ್ಕೊಂದು ಕಥೆಯನ್ನು ಕನ್ನಡದಲ್ಲಿ ಹೇಳಿ, ಮಕ್ಕಳ ಮೇಲೆ ನೀತಿಯ ಪರಿಣಾಮವೇನಾಯಿತೆಂದು ವರದಿ ಕಳಿಸಬೇಕೆಂದು ಕಾಗದದ ಉಳಿದ ಭಾಗದಲ್ಲಿತ್ತು. ಮ್ಯಾಟ್ರಿಕ್‌ವರೆಗೆ ಇಂಗ್ಲಿಷ್ ಓದಿದ್ದವಳು ನಾನೊಬ್ಬಳೇ, ಕೆಲಸ ನನಗೇ ಬಂತು.

ಪಾಟೀಲರಿಗೆ ಚಿತ್ರಗಳದ್ದೇ ಚಿಂತೆ. ಕಂದು ಕಾಗದ ಕತ್ತರಿಸಿ ಎಲ್ಲ ಹುಡುಗಿಯರ ಸೊಂಟದಿಂದ ಕೆಳಗೆ ಅಂಟಿಸಿದರು. ಮಕ್ಕಳಿಗೆ ಅದರಿಂದ ಇನ್ನಷ್ಟು ಕುತೂಹಲ. ಒಂದೇ ವಾರದಲ್ಲಿ ಕಾಗದಗಳೆಲ್ಲ ಉಗುರಿಗೆ ಸಿಕ್ಕು ಎದ್ದುಹೋದವು. ನಲವತ್ತೊಂದು ಹುಡುಗಿಯರೂ ನೀರು ಕುಡಿಯಲು ಹೋಗುವಾಗ ತುದಿಬೆರಳಿನ ಮೇಲೆಯೇ ಹೋಗುತ್ತಿದ್ದರು.

ಮೊದಲೆರಡು ಕಥೆಗಳು ಸುಸೂತ್ರವಾಗಿ ಮುಗಿದವು. ಮೂರನೆಯದರಲ್ಲಿ ಒಬ್ಬಳು ಹೊಟ್ಟೆಕಿಚ್ಚಿಗೆ ಗೆಳತಿಯ ಒಂದು ಬೂಟು ಬಚ್ಚಿಡುತ್ತಾಳೆ. ಆಮೇಲೆ ಹುಡುಕಿದರೆ ಅದು ಸಿಗುವುದಿಲ್ಲ. ಪಶ್ಚಾತ್ತಾಪಪಟ್ಟು ತನ್ನದೊಂದನ್ನು ಬಿಚ್ಚಿಕೊಡುತ್ತಾಳೆ. ಇಬ್ಬರೂ ಸೇರಿ ಕುಣಿಯುತ್ತಾರೆ. “ಇದ್ದದ್ದರೊಳಗ ಗೆಳತಿಗೂ ಕೊಡಬೇಕು” ಎಂದು ನಾನು ದೊಡ್ಡ ದನಿಯಲ್ಲಿ ನೀತಿ ಹೇಳಿ ಮಕ್ಕಳನ್ನು ಮನೆಗೆ ಕಳಿಸಿದೆ.

ಅರ್ಧ ತಾಸಿನೊಳಗೆ ಸಾಹುಕಾರ ಚನ್ನಬಸಪ್ಪನವರು ಮೊಮ್ಮಗಳ ರಟ್ಟೆ ಹಿಡಿದುಕೊಂಡು ಬಂದರು. ಪೇಟೆಯಲ್ಲಿ ಅವರದು ಕಾಳಿನ ದೊಡ್ಡ ಅಂಗಡಿ. ಶಾಲೆಯ ಕಮಿಟಿಯಲ್ಲೂ ಇದ್ದರು. ಎರಡನೆಯ ಇಯತ್ತೆಯ ಶಾಂತಾಳ ಬಲಗಾಲಿನಲ್ಲಿ ಹುಬ್ಬಳ್ಳಿಯಿಂದ ತಂದ ಹೊಸ ಚಪ್ಪಲಿ. ಎಡಗಾಲು ಬರಿದು.

“ಇದೇನ್ರಿ ಅಕ್ಕೋರ ನಿಮ್ಮ ಸಾಲಿ? ಎರಡು ಚಪ್ಪಲಿ ಹಾಕ್ಕೊಂಡು ಹ್ವಾದ ಕೂಸು ಒಂದರಾಗ ಬಂತು!”

“ಎಲ್ಲೆ ಬಿಟ್ಟಿ ಶಾಂತಾ?” ಎಂದೆ.

“ಬಿಟ್ಟಿಲ್ರಿ, ಗಿರಿಜಾಗ ಕೊಟ್ಟೇನ್ರಿ. ನೀವ ಹೇಳಿದ್ರಲ್ಲಾ.”

ಗಿರಿಜಾ ನೇಕಾರರ ಮಗಳು, ಶಾಂತಾಳ ಪಕ್ಕದಲ್ಲಿ ಕೂರುವವಳು. ಅವಳ ಕಾಲು ಚಪ್ಪಲಿ ಕಂಡಿರಲಿಲ್ಲ. ಸಾಹುಕಾರರು ನನ್ನನ್ನೇ ದುರುಗುಟ್ಟಿ ನೋಡಿದರು.

“ನಾಳೆ ಚಪ್ಪಲಿ ಮನಿಗೆ ಬರಬೇಕು, ಆ ಪುಸ್ತಕ ರೋಣಕ್ಕ ಹೋಗಬೇಕು. ಇಲ್ಲಂದ್ರ ನಮ್ಮ ಓಣಿ ಹನ್ನೊಂದು ಹುಡುಗ್ಯಾರು ಸಾಲಿ ಬಿಡ್ತಾರ.”

ಅದು ಬಾಯಿಮಾತಲ್ಲ. ಆ ಓಣಿಯಲ್ಲಿ ಅವರ ಮಾತು ಮೀರುವವರಿರಲಿಲ್ಲ. ಹಾಜರಿ ಇಳಿದರೆ ನನ್ನ ಹುದ್ದೆಗೇ ಕುತ್ತು. ಅದಕ್ಕಿಂತ ಹೆಚ್ಚಾಗಿ, ಒಮ್ಮೆ ಶಾಲೆ ಬಿಟ್ಟ ಹುಡುಗಿ ಆ ಕಾಲದಲ್ಲಿ ಮರಳಿ ಬರುತ್ತಿರಲಿಲ್ಲ.

ಬೆಳಿಗ್ಗೆ ಎದ್ದವಳೇ ಗಿರಿಜಾಳ ಮನೆಗೆ ಹೋದೆ. ಒಳಗೆ ಮಗ್ಗ ಲಟಪಟ ಎನ್ನುತ್ತಿತ್ತು. ಗಿರಿಜಾ ಅಂಗಳದಲ್ಲಿ ಚಪ್ಪಲಿಯ ಕಾಲೊಂದನ್ನೇ ಊರಿ, ಇನ್ನೊಂದನ್ನು ಮೇಲೆತ್ತಿ ಕುಪ್ಪಳಿಸುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅವಳ ಅಜ್ಜಿಗೆ ತಿಳಿಯಿತು.

“ಸಾವ್ಕಾರ್ರ ಮನೀದಂತ ಗೊತ್ತೈತ್ರಿ ಅಕ್ಕೋರ. ಬಿಚ್ಚು ಅಂತ ಹೇಳಿ ಹೇಳಿ ಸಾಕಾತು.” ಚಪ್ಪಲಿಯನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟಳು.

ಗಿರಿಜಾ ಅಳಲಿಲ್ಲ. “ಅಕ್ಕೋರ, ಕಥಿ ತಪ್ಪಾತೇನ್ರಿ?” ಎಂದಳು, ಅಷ್ಟೇ.

ಚಪ್ಪಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪೇಟೆಗೆ ಬಂದೆ. ಶಾಂತಾ ಅಂಗಡಿಯಲ್ಲಿ ಜೋಳದ ಚೀಲದ ಮೇಲೆ ಕೂತಿದ್ದಳು. ಚಪ್ಪಲಿ ಕಂಡದ್ದೇ ಕಾಲನ್ನು ಲಂಗದೊಳಗೆ ಎಳೆದುಕೊಂಡಳು.

“ಕಥಿಯೊಳಗ ವಾಪಸ್ ಇಸ್ಕೊಂಡಿಲ್ಲ. ನಾ ಒಲ್ಲೆ.”

ಸಾಹುಕಾರರು ತಾವೇ ಕುಕ್ಕರಗಾಲಲ್ಲಿ ಕೂತು ಹಾಕಲು ಹೋದರು. ಅವಳು ಬೆರಳು ಮುದುಡಿದಳು. ಹಿಡಿದು ಬಿಡಿಸಿದರೆ ತುದಿಬೆರಳಿನ ಮೇಲೆ ನಿಂತಳು. ಸಾಹುಕಾರರ ರುಮಾಲು ಜಾರಿ ಜೋಳದೊಳಗೆ ಬಿತ್ತು. ಮಾಲು ತಂದಿದ್ದ ಸೂಡಿ ಗ್ರಾಮದ ರೈತನೊಬ್ಬ ಗಂಭೀರವಾಗಿ ಹೇಳಿದ:

“ಸಾವ್ಕಾರ್ರ, ಹೋರಿಗೆ ಲಾಳ ಬಡಿಯೂದು ಹಗುರ ನೋಡ್ರಿ.”

ಅಂಗಡಿಯೆಲ್ಲ ನಕ್ಕಿತು. ನಾನು ನಗು ತಡೆಯಲು ಗೋಡೆಯ ಕಡೆ ತಿರುಗಿದೆ.

ಮೂರು ದಿನ ಶಾಂತಾ ಒಂದೇ ಚಪ್ಪಲಿಯಲ್ಲಿ ಓಡಾಡಿದಳು. ಸಾಹುಕಾರರನ್ನು ಕಂಡವರೆಲ್ಲ ಮೊದಲು ಮೊಮ್ಮಗಳ ಕಾಲಿನ ಕ್ಷೇಮ ಕೇಳತೊಡಗಿದರು. ನಾಲ್ಕನೆಯ ದಿನ ಚಪ್ಪಲಿ ಹೊಲಿಯುವವನು ಶಾಲೆಗೆ ಬಂದು, ಸಾಹುಕಾರರು ಹೇಳಿದ್ದಾರೆಂದು ಗಿರಿಜಾಳ ಪಾದದ ಅಳತೆ ತೆಗೆದುಕೊಂಡ. ವಾರದೊಳಗೆ ಅವಳಿಗೆ ಹೊಸ ಜೋಡು ಬಂತು. ಶಾಂತಾಳೂ ತನ್ನ ಎಡ ಚಪ್ಪಲಿಯನ್ನು ಒಪ್ಪಿಕೊಂಡಳು. ಕಥೆ ತಪ್ಪಾಗಿರಲಿಲ್ಲವೆಂದು ನಾನು ಗಿರಿಜಾಳಿಗೆ ಅಂದು ಧೈರ್ಯವಾಗಿ ಹೇಳಿದೆ.

ಎಲ್ಲ ಮುಗಿಯಿತೆಂದುಕೊಂಡೆ. ಸಂಜೆ ಶಾಲೆ ಬಿಟ್ಟಾಗ ಸಾಹುಕಾರರು ಬಾಗಿಲಲ್ಲಿ ನಿಂತಿದ್ದರು. ಹುಡುಗಿಯರಿಬ್ಬರೂ ಕೈಕೈ ಹಿಡಿದು ಹೊರಬಂದರು: ಇಬ್ಬರ ಬಲಗಾಲಲ್ಲೂ ತಂತಮ್ಮದು, ಎಡಗಾಲಲ್ಲಿ ಗೆಳತಿಯದು. ಸಾಹುಕಾರರು ನಾಲ್ಕು ಕಾಲುಗಳನ್ನೂ ಒಂದೊಂದಾಗಿ ನೋಡಿದರು.

“ಅಕ್ಕೋರ, ಇನ್ನ ಎಷ್ಟು ಪುಸ್ತಕ ಉಳದಾವ್ರಿ?”

“ಮೂರು ಅದಾವ್ರಿ.”

“ಆ ಕಥಿ ಮದಲ ನನಗ ಹೇಳ್ರಿ. ಕಡೀಕ ಮನಿಯಿಂದ ಏನು ಹೋಗ್ತದ ಗೊತ್ತಾಗ್ಲಿ.”

ಹೀಗೆ ಮೂರು ಶನಿವಾರ ಅವರು ಮಕ್ಕಳ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಮಡಿಚಿ ಕೂತು ಕಥೆ ಕೇಳಿದರು. ಕೊನೆಯದು, ಸದಾ ಹಿಂದಿನ ಸಾಲಿನಲ್ಲಿ ನಿಂತೇ ಚೆನ್ನಾಗಿ ಕುಣಿಯುವ ಹುಡುಗಿಯದು. ಅದು ಅವರಿಗೆ ಹಿಡಿಸಲಿಲ್ಲ. “ಪಾಪ, ಆಕೀನ ಒಮ್ಮೆರ ಮುಂದ ತರ್ರಿ” ಎಂದು ಎರಡು ಸಲ ಕೇಳಿಕೊಂಡರು. ಪುಸ್ತಕ ರೋಣಕ್ಕೆ ಕಳಿಸಬೇಕೆಂಬ ಮಾತನ್ನು ಮತ್ತೆ ಎತ್ತಲಿಲ್ಲ. ಹನ್ನೊಂದು ಹುಡುಗಿಯರಲ್ಲಿ ಒಬ್ಬಳೂ ಶಾಲೆ ಬಿಡಲಿಲ್ಲ.

ವರದಿಯಲ್ಲಿ ‘ಪರಿಣಾಮ ಉತ್ತಮ’ ಎಂದು ಬರೆದೆ. ಅದಕ್ಕಿಂತ ಹೆಚ್ಚು ಬರೆದರೆ ಯಾರೂ ನಂಬುತ್ತಿರಲಿಲ್ಲ. ಮುಂದೆ ನಿವೃತ್ತಳಾಗುವವರೆಗೂ ಮಕ್ಕಳಿಗೆ ಕಥೆ ಹೇಳಿದೆ. ನೀತಿಯನ್ನು ಮಾತ್ರ ಹೇಳುವ ಮೊದಲು ಒಂದು ಗಳಿಗೆ ಯೋಚಿಸುತ್ತಿದ್ದೆ. ದೊಡ್ಡವರು ನೀತಿಯನ್ನು ಕೇಳಿ ತಲೆದೂಗಿ ಮನೆಗೆ ಹೋಗುತ್ತಾರೆ. ಚಿಕ್ಕ ಮಕ್ಕಳಿಗೆ ಹೇಳುವವರು ಮಾತ್ರ, ಸಂಜೆಯೊಳಗೆ ಯಾರಾದರೂ ಅದನ್ನು ಮಾಡಿಯೇ ಬಿಡುತ್ತಾರೆಂದು ತಿಳಿದು ಹೇಳಬೇಕು.