ಟವಲಿನ ಕೆಳಗಿನ ದರ

ಬೆಳಗಾವಿಯ ರವಿವಾರ ಪೇಟೆಯಲ್ಲಿ ಅಕ್ಕಿ ಮಾರುವವರು ಮುನಾಫನ ಬಲಗೈಯನ್ನು ಕಿತ್ತೂರಿನ ಕತ್ತಿಗೆ ಸಮ ಎನ್ನುತ್ತಿದ್ದರು. ಕತ್ತಿ ಒರೆಯಿಂದ ಹೊರಗೆ ಬಂದರೆ ಗೆಲ್ಲುತ್ತದೆ. ಈ ಕೈ ಟವಲಿನ ಒಳಗೆ ಹೋದರೆ ಗೆಲ್ಲುತ್ತಿತ್ತು.

ಊರಿನ ಸಹಕಾರಿ ಸೂಪರ್ ಬಜಾರಕ್ಕೆ ಅಕ್ಕಿ ಖರೀದಿ ಮಾಡುವುದು ಅವನ ಕೆಲಸ. ಪ್ರತಿ ಮಂಗಳವಾರ ಲೋಂಡಾ ಪ್ಯಾಸೆಂಜರ್ ಹತ್ತಿ ಖಾನಾಪುರಕ್ಕೆ ಹೋಗುತ್ತಿದ್ದ. ಅಲ್ಲಿ ಭರಮಣ್ಣನ ಅಕ್ಕಿ ಅಂಗಡಿಯ ಕಟ್ಟೆಯ ಮೇಲೆ ಇಬ್ಬರೂ ಎದುರುಬದುರು ಕುಳಿತು, ಕೈಮೇಲೆ ಟವಲು ಹೊದಿಸಿ, ಬೆರಳು ಹಿಡಿದು ದರ ಹೇಳುವುದು, ಬೆರಳು ಮಡಚಿ ಒಲ್ಲೆನ್ನುವುದು ಪದ್ಧತಿ. ಸುತ್ತ ನಿಂತವರಿಗೆ ಕಾಣುವುದು ಟವಲೊಂದೇ. ಬೇರೆಯವರ ವ್ಯವಹಾರ ಎಲೆಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮುಗಿದರೆ, ಈ ಇಬ್ಬರ ಕಾಳಗ ಮುಗಿಯುತ್ತಲೇ ಇರಲಿಲ್ಲ. ಕಟ್ಟೆಯ ಮೇಲಿನ ನೆರಳು ಕೆಳಗಿಳಿಯುತ್ತಿತ್ತು, ಗೂಡ್ಸ್ ಗಾಡಿ ಕೂಗಿ ಹೋಗುತ್ತಿತ್ತು, ನೋಡುತ್ತ ನಿಂತ ಹಮಾಲರು ಬೇಸತ್ತು ಚೀಲದ ಮೇಲೆ ಮಲಗುತ್ತಿದ್ದರು. ಟವಲು ಮಾತ್ರ ಅಲುಗುತ್ತಿರಲಿಲ್ಲ. ಮುನಾಫನೆಂದರೆ ಕೊನೆಯ ಕಾಳಿನವರೆಗೆ ಕಾದಾಡುವ ಗಂಡು ಎಂಬ ಕೀರ್ತಿ ಕಾಡು ದಾಟಿ ಲೋಂಡಾ ಜಂಕ್ಷನ್ ಮುಟ್ಟಿತು. ಅಲ್ಲಿ ಅರ್ಧ ಕೀರ್ತಿ ಗೋವಾ ಗಾಡಿ ಹತ್ತಿತು, ಉಳಿದರ್ಧ ಹುಬ್ಬಳ್ಳಿ ಗಾಡಿ.

ಇಂಥ ವೀರನನ್ನು ಮಣಿಸಿದ್ದು ಎಂಬತ್ನಾಲ್ಕನೇ ಇಸವಿಯ ಸುಮಾರಿಗೆ ಬಜಾರಕ್ಕೆ ಬಂದ ಟೆಲೆಕ್ಸ್ ಯಂತ್ರ. ಇಲ್ಲಿ ಅಕ್ಷರ ಒತ್ತಿದರೆ ಖಾನಾಪುರದ ವರ್ತಕರ ಸಂಘದ ಯಂತ್ರದಲ್ಲಿ ಮೂಡುತ್ತಿತ್ತು. ಅಲ್ಲಿಂದ ದರ ಬರುತ್ತಿತ್ತು, ಹಿಂದೆಯೇ ಲಾರಿಯಲ್ಲಿ ಅಕ್ಕಿ.

"ಮುನಾಫಸಾಬ್ರ, ಇನ್ನ ಮ್ಯಾಲ ಮಂಗಳವಾರ ನಿಮಗ ಆರಾಮ. ಗೋದಾಮಿನಾಗ ಫ್ಯಾನಿನ ಕೆಳಗ ಕುಂದರ್ರಿ," ಎಂದ ಮ್ಯಾನೇಜರ್ ಈರಯ್ಯ.

ಮುನಾಫ ಕುಳಿತ. ಗಾಳಿ ಒಗ್ಗಲಿಲ್ಲ. ಮಂಗಳವಾರ ಬಂತೆಂದರೆ ಟವಲು ಹೆಗಲಿಗೇರಿಸಿ ಅನಗೋಳದ ಮನೆಯಿಂದ ಹೊರಟ ಕಾಲು ಬಜಾರದ ದಾರಿ ಬಿಟ್ಟು ಸ್ಟೇಶನ್ನಿನತ್ತ ತಿರುಗುತ್ತಿತ್ತು. ಪ್ಯಾಸೆಂಜರಿನ ಬಾಲ ಮರೆಯಾಗುವವರೆಗೆ ನಿಂತು ಹಿಂದಿರುಗುತ್ತಿದ್ದ.

ಭರಮಣ್ಣ ಮಾತಿನ ಮನುಷ್ಯನಲ್ಲ. 'ಬಾ' ಮತ್ತು 'ಹೋಗಿ ಬಾ', ಇಷ್ಟೇ ಅವನ ಆಸ್ತಿ. ಮುನಾಫನ ಹೆಂಡತಿ ಸಿತಾರಾ ತೀರಿಕೊಂಡಾಗ ಊರೆಲ್ಲ ಬಂದು ಸಮಾಧಾನ ಹೇಳಿತ್ತು; ಯಾರು ಏನಂದರೋ ಒಂದೂ ನೆನಪಿಲ್ಲ. ಅದರ ಮುಂದಿನ ಮಂಗಳವಾರ ಟವಲಿನ ಕೆಳಗೆ ಭರಮಣ್ಣ ಯಾವ ಬೆರಳನ್ನೂ ಆರಿಸದೆ ಇಡೀ ಅಂಗೈಯನ್ನೇ ಹಿಡಿದುಕೊಂಡಿದ್ದ. ಅದು ಯಾವ ದರದ ಲೆಕ್ಕಕ್ಕೂ ಬರುವುದಿಲ್ಲ. ಟೆಲೆಕ್ಸಿನಲ್ಲಿ ಅದಕ್ಕೊಂದು ಗುಂಡಿಯೂ ಇರಲಿಲ್ಲ.

ಹೀಗಿರುವಾಗ ಒಂದು ಮಂಗಳವಾರ ಯಂತ್ರ ನಡೆಸುವ ಕಾಂತಾ ರಜೆ ಹಾಕಿದಳು. ಈರಯ್ಯ ಮುನಾಫನನ್ನೇ ಅದರ ಮುಂದೆ ಕೂಡಿಸಿ, ಯಾವುದನ್ನು ಒತ್ತಬೇಕೆಂದು ತೋರಿಸಿ ಹೋದ. ದರ ಕೇಳಿದ್ದಾಯಿತು. ಯಂತ್ರ ಕಟಕಟ ಎಂದು ಉತ್ತರ ಹೊರಹಾಕತೊಡಗಿತು. ಅಷ್ಟರಲ್ಲಿ ಪೇಟೆಯ ದಲಾಲನೊಬ್ಬ ಪಕ್ಕಕ್ಕೆ ಬಂದು ಕತ್ತು ಚಾಚಿದ. ಮೂರನೆಯವನ ಕಣ್ಣಿಗೆ ದರ ಬೀಳುವುದುಂಟೇ? ಮುನಾಫ ಒಂದಿಷ್ಟೂ ಯೋಚಿಸದೆ ಹೆಗಲ ಟವಲು ತೆಗೆದು ಯಂತ್ರಕ್ಕೆ ಹೊದಿಸಿದ. ಯಂತ್ರ ಕಾಗದದ ಜೊತೆ ಟವಲಿನ ಅಂಚನ್ನೂ ನುಂಗಿತು, ಒಮ್ಮೆ ಬಿಕ್ಕಿತು, ನಿಂತಿತು.

"ಅದೇನ ಮದವಿ ಹೆಣ್ಣನ್ರಿ, ಮುಸುಕು ಹಾಕಾಕ?" ಓಡಿಬಂದ ಈರಯ್ಯ ತಲೆ ಹಿಡಿದುಕೊಂಡ.

"ದರ ಹೊರಗ ಬೀಳಬಾರದ್ರಿ, ಸಾಹೇಬ್ರ."

"ಬಿದ್ದದ್ದು ಮಿಶಿನ್ ಈಗ. ರಿಪೇರಿಯವ ಹುಬ್ಬಳ್ಳಿಯಿಂದ ಬರೂತನಕ ಮಂದಿಗೆ ಏನ ತಿನಸೂಣು? ಹೋಗ್ರಿ, ಪ್ಯಾಸೆಂಜರ್ ಹೋದ್ರೂ ಮುಂದಿನ ಗಾಡಿ ಸಿಗತೈತಿ. ಇದೊಂದ ಸಲ, ನೆನಪಿರಲಿ."

ಮುನಾಫ ಟವಲನ್ನು ಹರಿದು, ಕೈಗೆ ಬಂದ ಅರ್ಧವನ್ನು ಹೆಗಲಿಗೆ ಹಾಕಿಕೊಂಡು ಓಡಿದ.

ಖಾನಾಪುರದ ಕಟ್ಟೆಯ ಮೇಲೆ ಭರಮಣ್ಣ ನೊಣ ಹೊಡೆಯುತ್ತ ಕುಳಿತಿದ್ದ. "ಬಾ," ಎಂದ.

ಒಳಗಿನಿಂದ ಅವನ ಹೆಂಡತಿ ಮಾಯಕ್ಕ ಹೊರಬಂದಳು. "ಅಂತೂ ಹಾದಿ ನೆನಪಾತೇನ್ರಿ, ಮುನಾಫಣ್ಣಾ? ಮಿಶಿನ್ ಕೂಡ ಲಗ್ನ ಆತಂತ, ಖರೇ ಏನು?"

"ಆಗಿತ್ತವಾ. ಮದಲಗಿತ್ತಿ ಇವತ್ತ ಟವಲ್ ತಿಂದು ಮಲಗ್ಯಾಳ."

ಭರಮಣ್ಣನ ಮೀಸೆ ಅಲ್ಲಾಡಿತು. ಅವನ ಮಟ್ಟಿಗೆ ಅದು ಅಟ್ಟಹಾಸ.

"ಚಾ ಇಡ್ತೀನಿ. ಕಟ್ಟಿಗಿ ಹಸೀ ಅದಾವ, ತಡ ಆಗತೈತಿ ನೋಡ್ರಿ."

"ಆಗಲಿ, ಮಾಯಕ್ಕಾ. ಅವಸರ ಇಲ್ಲ."

ಅರ್ಧ ಟವಲು ಇಬ್ಬರ ಮುಂಗೈಯನ್ನಷ್ಟೇ ಮುಚ್ಚಿತು. ಮಹಾಯುದ್ಧ ಮತ್ತೆ ಶುರುವಾಯಿತೆಂದು ಹಮಾಲರು ಎದ್ದು ಕುಳಿತರು. ನೆರಳು ಕಟ್ಟೆ ಇಳಿಯುವ ಹೊತ್ತಿಗೆ ಎಂದಿನಂತೆ ಮಲಗಿಬಿಟ್ಟರು.

ಮರುದಿನ ಈರಯ್ಯ ಅಕ್ಕಿಯ ಚೀಟಿ ನೋಡಿ ಹುಬ್ಬು ಗಂಟಿಕ್ಕಿದ.

"ಮುಂಜಾನಿ ಹೋದವರು ಕಡೀ ಗಾಡಿಗೆ ಬಂದೀರಿ. ದರ ನೋಡಿದ್ರ ಟೆಲೆಕ್ಸಿನಾಗ ಹೋದ ವಾರ ಬಂದದ್ದ ಐತಿ. ಒಂದು ಪೈಸೆನೂ ಇಳದಿಲ್ಲ. ಮತ್ತ ಅಷ್ಟೊತ್ತು ಟವಲಿನ ಕೆಳಗ ಏನ ಕಾದಾಡಿದ್ರಿ?"

"ಕಾದಾಡಿಲ್ರಿ, ಸಾಹೇಬ್ರ. ದರ ಯಾವಾಗಲೂ ಮೊದಲನೇ ಹಿಡಿತಕ್ಕ ಆಗಿಬಿಡತೈತಿ. ಚಾ ಬರೂತನಕ ಕೈ ಬಿಡೂದಿಲ್ಲ, ಅಷ್ಟ."